ಟಿಬಿಯೋ ಕ್ಯಾನ್ಸರೋ: ಮಾರ್ಕರ್ ಅಂಕಿಯನ್ನು ನಾನು ಓದುವ ಬಗೆ

ನನ್ನ ಲ್ಯಾಬಿಗೆ ಹುಬ್ಬಳ್ಳಿಯ ಮಾದರಿಗಳ ಜೊತೆ ಗದಗ, ಹಾವೇರಿ ಕಡೆಯವೂ ಬರುತ್ತವೆ. ಚೀಟಿಯಲ್ಲಿ ಹೆಚ್ಚಾಗಿ ಒಂದೇ ಪ್ರಶ್ನೆ: ಎಕ್ಸ್‌ರೇಯಲ್ಲಿ ನೆರಳಿದೆ, ಎದೆಯಲ್ಲಿ ನೀರಿದೆ, ಟಿಬಿಯೋ ಕ್ಯಾನ್ಸರೋ? ಮಾರ್ಕರ್ ಎಂದರೆ ರಕ್ತ ಅಥವಾ ಎದೆನೀರಿನಲ್ಲಿ ಅಳೆಯುವ, ರೋಗದ ಸುಳಿವು ಕೊಡುವ ವಸ್ತು. ಅದರ ಅಂಕಿ ನೋಡುವ ಮೊದಲು ಟ್ಯೂಬ್ ಹೇಗೆ ಬಂತು ಎಂದು ನೋಡುತ್ತೇನೆ.

ಎನ್‌ಎಸ್‌ಇ (ನ್ಯೂರಾನ್ ಸ್ಪೆಸಿಫಿಕ್ ಈನೊಲೇಸ್) ಎಂಬ ಮಾರ್ಕರ್ ವಿಷಯದಲ್ಲಂತೂ ಇದು ತೀರಾ ಮುಖ್ಯ. ಸ್ಮಾಲ್ ಸೆಲ್ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಏರುವ ಈ ಕಿಣ್ವ ಕೆಂಪು ರಕ್ತಕಣ, ಪ್ಲೇಟ್‌ಲೆಟ್‌ಗಳ ಒಳಗೂ ಇರುತ್ತದೆ. ರಕ್ತ ತೆಗೆದ ಒಂದು ತಾಸಿನೊಳಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಬೇರ್ಪಡಿಸದಿದ್ದರೆ ಕಣಗಳಿಂದ ಸೋರಿ ಅಂಕಿ ಸುಳ್ಳಾಗಿ ಏರುತ್ತದೆ. ರಕ್ತವನ್ನು ಹಾಗೇ ಬಸ್ಸಿಗೆ ಹಾಕಬೇಡಿ, ಅಲ್ಲೇ ಸೆಂಟ್ರಿಫ್ಯೂಜ್ ಮಾಡಿ ಸೀರಂ ಮಾತ್ರ ಐಸ್ ಪ್ಯಾಕಿನಲ್ಲಿ ಕಳಿಸಿ ಎಂದು ಹೇಳುತ್ತಲೇ ಇರುತ್ತೇನೆ. ಟ್ಯೂಬನ್ನು ಬಿಳಿ ಹಾಳೆಯ ಮುಂದೆ ಹಿಡಿದಾಗ ತಿಳಿಹಳದಿಯಲ್ಲಿ ನಸುಗೆಂಪು ಕಂಡರೆ, ಅಂದರೆ ಕೆಂಪುಕಣ ಒಡೆದಿದ್ದರೆ, ಎನ್‌ಎಸ್‌ಇ ಮಾಡುವುದಿಲ್ಲ, ಹೊಸ ಮಾದರಿ ಕೇಳುತ್ತೇನೆ. ತೆಳು ಸೂಜಿಯಿಂದ ಜೋರಾಗಿ ಎಳೆದಿರುತ್ತಾರೆ, ಇಲ್ಲವೇ ಟ್ಯೂಬ್ ಕುಲುಕಿರುತ್ತಾರೆ.

ಸಿಇಎ ಹಲವು ಕ್ಯಾನ್ಸರ್‌ಗಳಲ್ಲಿ ಏರುವ ಪ್ರೋಟೀನ್. ಆದರೆ ರಕ್ತದ ಸಿಇಎ ಒಂದನ್ನೇ ನಂಬಿ ಕ್ಯಾನ್ಸರ್ ಎನ್ನಲಾಗದು. ಬೀಡಿ ಸೇದುವವರಲ್ಲಿ, ಹಳೆಯ ಬ್ರಾಂಕೈಟಿಸ್ ಅಥವಾ ಲಿವರ್ ಕಾಯಿಲೆ ಇದ್ದವರಲ್ಲಿ ಅದು ಮಿಲಿಗೆ 5 ನ್ಯಾನೋಗ್ರಾಂ ದಾಟುವುದುಂಟು. ಚೀಟಿಯಲ್ಲಿ ಬೀಡಿ, ಸಿಗರೇಟಿನ ವಿವರ ಇರಲೇಬೇಕು. ಸಿಫ್ರಾ 21-1 ಎಂಬ ಇನ್ನೊಂದು ಶ್ವಾಸಕೋಶ ಕ್ಯಾನ್ಸರ್ ಮಾರ್ಕರ್‌ಗೆ ಗಡಿಯಾಗಿ ಮಿಲಿಗೆ 3.3 ನ್ಯಾನೋಗ್ರಾಂ ಹಿಡಿಯುತ್ತೇನೆ, ಕಿಡ್ನಿ ಸೋತವರಲ್ಲೂ ಏರುವುದರಿಂದ ಜೊತೆಗೆ ಕ್ರಿಯಾಟಿನಿನ್ ನೋಡುತ್ತೇನೆ.

ನನಗೆ ಹೆಚ್ಚು ಭರವಸೆ ಕೊಡುವುದು ಎದೆನೀರು. ಅದರಲ್ಲಿ ಎಡಿಎ (ಟಿಬಿಯಲ್ಲಿ ಏರುವ ಒಂದು ಕಿಣ್ವ), ಸಿಇಎ ಎರಡನ್ನೂ ಒಟ್ಟಿಗೆ ಮಾಡಬೇಕು. ಎಡಿಎ ಲೀಟರಿಗೆ 40 ಯೂನಿಟ್‌ಗಿಂತ ಮೇಲಿದ್ದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ಹೆಚ್ಚಿದ್ದರೆ ಮನಸ್ಸು ಟಿಬಿ ಕಡೆ ವಾಲುತ್ತದೆ. ಕೀವು ತುಂಬಿದ್ದರೂ ಎಡಿಎ ಏರುತ್ತದೆ, ಲಿಂಫೋಮಾದಲ್ಲೂ (ಲಿಂಫೋಸೈಟ್‌ಗಳ ಕ್ಯಾನ್ಸರ್) ಏರಬಹುದು. ಆದ್ದರಿಂದ ಜೀವಕೋಶಗಳ ಎಣಿಕೆ ಇಲ್ಲದೆ ಎಡಿಎ ವರದಿ ಬಿಡುವುದಿಲ್ಲ. ಎಡಿಎ ಕಡಿಮೆಯಿದ್ದು ಸಿಇಎ 10 ದಾಟಿದರೆ ಕ್ಯಾನ್ಸರಿನ, ಅದರಲ್ಲೂ ಅಡಿನೋಕಾರ್ಸಿನೋಮಾದ (ಗ್ರಂಥಿ ಕೋಶಗಳ ಕ್ಯಾನ್ಸರ್) ಗುಮಾನಿ ಬಲವಾಗುತ್ತದೆ. ನಾವು ಬಳಸುವ ಎಡಿಎ ವಿಧಾನ ಆ ಕಿಣ್ವದಿಂದ ಹುಟ್ಟುವ ಅಮೋನಿಯಾವನ್ನೇ ಅಳೆಯುತ್ತದೆ. ಆದ್ದರಿಂದ ಅಮೋನಿಯಂ ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬಿನಲ್ಲಿ ಬಂದ ನೀರು ಅದಕ್ಕೆ ನಡೆಯುವುದಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಹೊರಗಿಟ್ಟರೆ ಕಿಣ್ವ ಕುಗ್ಗುತ್ತದೆ, 2ರಿಂದ 8 ಡಿಗ್ರಿಯಲ್ಲಿ ಬರಬೇಕು.

ಮಾರ್ಕರ್‌ಗೆ 5 ಮಿಲಿ ಎದೆನೀರು ಸಾಕು. ಉಳಿದದ್ದನ್ನು, ಸಾಧ್ಯವಾದರೆ 50 ಮಿಲಿಯಷ್ಟು, ಅವತ್ತೇ ಸೈಟಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಕೋಶಗಳ ಪರೀಕ್ಷೆ) ಕೊಡಿ. ಮೊದಲ ಸಲ ಕ್ಯಾನ್ಸರ್ ಕೋಶ ಸಿಗದೆ ಸಿಇಎ ಮಾತ್ರ ಏರಿದ್ದರೆ ಎರಡನೇ ಸಲ ನೀರು ತೆಗೆಯಲು, ಅಲ್ಲೂ ಸಿಗದಿದ್ದರೆ ಬಯಾಪ್ಸಿಗೆ, ವೈದ್ಯರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.