‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯನ್ನು ಓದುವ ಬಗೆ

ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ಈ ಕಥೆ ಒಂದೇ ಕೂತಲ್ಲಿ ಮುಗಿಯುತ್ತದೆ. ಹಸುಗೂಸಿನ ತಾಯಿ, ವೈದ್ಯನಾದ ಗಂಡ ಜಾನ್, ಮೂರು ತಿಂಗಳಿಗೆ ಬಾಡಿಗೆ ಹಿಡಿದ ಹಳೆಯ ಬಂಗಲೆ, ಹಳದಿ ಗೋಡೆಕಾಗದ ಅಂಟಿಸಿದ ಮಹಡಿ ಮೇಲಿನ ಕೋಣೆ. ಚಿಕಿತ್ಸೆಯ ಹೆಸರಿನಲ್ಲಿ ಅವಳು ಬರೆಯಕೂಡದೆಂದು ಕಟ್ಟಪ್ಪಣೆ, ಅವಳು ಕದ್ದು ಬರೆದದ್ದೇ ಕಥೆ. ಮೊದಲ ಸಲ ಸುಮ್ಮನೆ ಓದಿ ಮುಗಿಸಿ, ಗುರುತು ಹಾಕಬೇಡಿ.

ಎರಡನೇ ಓದಿಗೆ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವಳ ಕಣ್ಣಿಗೆ ಬಿದ್ದದ್ದು, ಬಲಕ್ಕೆ ಅದಕ್ಕೆ ಅವಳು ಕೊಡುವ ಕಾರಣ. ಕಿಟಕಿಗೆ ಸರಳುಗಳಿವೆ: ಹಿಂದೆ ಮಕ್ಕಳಿದ್ದ ಕೋಣೆ, ಅದಕ್ಕೇ ಇರಬೇಕು. ಮಂಚವನ್ನು ಯಾರೋ ಕಚ್ಚಿದ ಹಾಗಿದೆ: ಮಕ್ಕಳ ಪುಂಡಾಟ. ಇನ್ನೊಂದಷ್ಟು ಓದಿದರೆ ಸಿಟ್ಟು ಬಂದು ಮಂಚದ ಮೂಲೆಯನ್ನು ತಾನೇ ಕಚ್ಚಿದೆ ಎನ್ನುತ್ತಾಳೆ. ಆಗ ಬಲಗಡೆಯ ಕಾರಣವನ್ನು ಹೊಡೆದುಹಾಕಿ. ಗೋಡೆಯ ಬುಡದಲ್ಲಿ ಕೋಣೆಯ ಸುತ್ತ ಓಡುವ ಉಜ್ಜಿದ ಗುರುತಿಗೂ ಇದೇ ಕ್ರಮ. ಯಾರು ಮಾಡಿದರೋ ಎಂದು ಅವಳು ಬೆರಗಾಗುತ್ತಾಳೆ. ಆದರೆ ಬಟ್ಟೆಗೆಲ್ಲ ಹಳದಿ ಹತ್ತಿದೆಯೆಂದು ನಾದಿನಿ ಜೆನ್ನಿ ಅದಕ್ಕೂ ಮೊದಲೇ ಗೊಣಗಿರುತ್ತಾಳೆ. ಕೊನೆಯಲ್ಲಿ ಅವಳು ಕೋಣೆಯ ಸುತ್ತ ತೆವಳುವಾಗ ಆ ಗುರುತಿಗೆ ಅವಳ ಭುಜ ಸರಿಯಾಗಿ ಕೂರುತ್ತದೆ. ಹಾಗಿದ್ದರೆ ತೆವಳಾಟ ಯಾವತ್ತು ಶುರುವಾಯಿತು? ಹಿಂದಕ್ಕೆ ಪುಟ ತಿರುಗಿಸಿ ಹುಡುಕಿ. ಇಡೀ ಕಥೆಯ ಕೀಲಿ ಇಲ್ಲೇ ಇದೆ.

ಜಾನ್‌ಗೆ ಬೇರೆ ಹಾಳೆ. ಅವಳು ಕೇಳಿದ್ದೇನು, ಅವನು ಹೇಳಿದ್ದೇನು, ಅಷ್ಟೇ. ಕೆಳಗಿನ ಕೋಣೆ ಕೇಳಿದಳು: ಎರಡು ಮಂಚಕ್ಕೆ ಜಾಗವಿಲ್ಲ. ಗೋಡೆಕಾಗದ ಬದಲಿಸು ಎಂದಳು: ಇವತ್ತು ಕಾಗದ, ನಾಳೆ ಮಂಚ, ಆಮೇಲೆ ಕಿಟಕಿ ಎನ್ನುತ್ತೀ. ಮನೆ ಬಿಡೋಣ ಎಂದಳು: ಬಾಡಿಗೆ ಅವಧಿ ಮುಗಿಯಲು ಇನ್ನೂ ಮೂರು ವಾರ ಇದೆ. ಪ್ರತಿ ಸಲವೂ ಇಲ್ಲ ಎನ್ನುವುದು ಮುದ್ದುಮಾತಿನ ಜೊತೆಗೇ. ಇವನನ್ನು ಖಳನಾಯಕ ಮಾಡಿದರೆ ಕಥೆ ಕೆಟ್ಟಿತು. ಕಿರುಚುವ ಗಂಡನಾಗಿದ್ದರೆ ಅವಳಿಗೆ ಎದುರು ಮಾತಾಡಲು ಒಂದು ಎಡೆಯಾದರೂ ಸಿಗುತ್ತಿತ್ತು. ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನೂ ವೈದ್ಯನೇ, ಅವನದೂ ಅದೇ ರಾಗ ಎಂಬುದನ್ನು ಮರೆಯಬೇಡಿ.

ಈ ಕಥೆಯ ಬಗ್ಗೆ ಬರೆಯುವಾಗ ನಮ್ಮಲ್ಲಿ ಹಲವರು ‘ಬಾಣಂತಿ ಸನ್ನಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ರೋಗಕ್ಕೊಂದು ಹೆಸರಿಟ್ಟು ಅವಳ ಮಾತನ್ನು ಕೇಳದೆ ಹೋಗುವುದು ಜಾನ್ ಮಾಡುವ ಕೆಲಸ. ಹೆಸರಿಗಿಂತ ಚಿಕಿತ್ಸೆ ಏನೆಂದು ತಿಳಿಯುವುದು ಹೆಚ್ಚು ಉಪಯೋಗ. ಕಥೆಯಲ್ಲಿ ಹೆಸರು ಬರುವ ವಿಯರ್ ಮಿಚೆಲ್ ಫಿಲಡೆಲ್ಫಿಯಾದ ನಿಜವಾದ ವೈದ್ಯ. ಅವನ ವಿಶ್ರಾಂತಿ ಚಿಕಿತ್ಸೆಯೆಂದರೆ ಹಾಸಿಗೆ ಬಿಟ್ಟೇಳದಿರುವುದು, ಒತ್ತಿ ಒತ್ತಿ ಉಣ್ಣಿಸುವುದು, ಅಂಗಮರ್ದನ, ಮನೆಯವರಿಂದ ದೂರ ಇಡುವುದು. 1887ರಲ್ಲಿ ಗಿಲ್ಮನ್ ಅವನ ಬಳಿ ಚಿಕಿತ್ಸೆ ಪಡೆದರು. ದಿನಕ್ಕೆ ಎರಡೇ ಗಂಟೆ ಬೌದ್ಧಿಕ ಕೆಲಸ, ಬದುಕಿರುವವರೆಗೆ ಪೆನ್ನು ಕುಂಚ ಮುಟ್ಟಕೂಡದು ಎಂದು ಅವನು ಹೇಳಿ ಕಳಿಸಿದನೆಂದು 1913ರಲ್ಲಿ ಅವರೇ ಬರೆದಿದ್ದಾರೆ. ನಿಮ್ಮ ಬರಹದಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು. ಗಿಲ್ಮನ್ ಆ ಅಪ್ಪಣೆ ಮೀರಿ ಬರೆದು ಚೇತರಿಸಿಕೊಂಡವರು, ಕಥೆಯ ಹೆಂಗಸು ಅವರಲ್ಲ.

ಕೊನೆಯಲ್ಲಿ ಅವಳು ‘ಜೇನ್’ ಎಂಬ ಹೆಸರೆತ್ತುತ್ತಾಳೆ. ಅದು ಅವಳದೇ ಹೆಸರೆಂಬ ಓದೂ ಇದೆ, ಜೆನ್ನಿಯ ಪೂರ್ತಿ ಹೆಸರೆಂಬ ಓದೂ ಇದೆ. ಯಾವುದನ್ನು ಹಿಡಿದರೂ ಕಥೆಯ ಸಾಲಿನಿಂದಲೇ ಆಧಾರ ಕೊಡಿ. ಗೆದ್ದಳೋ ಸೋತಳೋ ಎಂಬ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಬೇಡಿ: ಜಾನ್ ಮೂರ್ಛೆ ಬಿದ್ದಿದ್ದಾನೆ, ನಿಜ, ಅವಳು ಹಗ್ಗ ಕಟ್ಟಿಕೊಂಡು ಅದೇ ಕೋಣೆಯನ್ನು ಸುತ್ತುತ್ತಿದ್ದಾಳೆ, ಅದೂ ನಿಜ. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ.