ತಿಂಗಳು ತುಂಬದ ಮಗುವಿಗೆ ಎದೆಹಾಲು ಹಿಂಡಿ ಕೊಡುವುದು ಹೇಗೆ?

37 ವಾರ ತುಂಬುವ ಮೊದಲೇ ಹುಟ್ಟಿದ ಮಗು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದ ಕೂಡಲೇ ಮನೆಮಂದಿ ಕೇಳುವುದು ‘ಯಾವ ಪುಡಿ ಹಾಲು ತರಬೇಕು?’ ಎಂದು. ಬಾಣಂತಿ ಇನ್ನೊಂದು ವಾರ್ಡ್‌ನಲ್ಲಿ ಮಲಗಿರುತ್ತಾಳೆ. ಹಾಲು ಹಿಂಡಬೇಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಮೂರನೆಯ ದಿನ ‘ಇವಳಿಗೆ ಹಾಲೇ ಇಲ್ಲ’ ಎಂಬ ತೀರ್ಪು ಬಂದುಬಿಡುತ್ತದೆ. ಇದನ್ನು ಪದೇ ಪದೇ ಕಂಡು ಮನಸ್ಸು ನೊಂದಿರುವುದರಿಂದಲೇ ಈ ಲೇಖನ.

ಇಲ್ಲಿ ಹೊಟ್ಟೆ ತುಂಬಿಸುವುದಕ್ಕಿಂತ ದೊಡ್ಡ ವಿಷಯವೊಂದಿದೆ. ಹುಟ್ಟಿದ ಗಳಿಗೆಯಿಂದಲೇ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರತೊಡಗುತ್ತವೆ. ಜನರಲ್ ಬೋಗಿಯಲ್ಲಿ ಮೊದಲು ಹತ್ತಿದವರು ಸೀಟು ಹಿಡಿಯುವಂತೆ, ಮೊದಲು ಬಂದವುಗಳಿಗೆ ಜಾಗ. ಸಿಸೇರಿಯನ್ ಹೆರಿಗೆ, ಆಂಟಿಬಯೋಟಿಕ್, ಮೂಗಿನಲ್ಲಿ ನಳಿಕೆ, ತಾಯಿಯಿಂದ ದೂರ — ಇಷ್ಟೆಲ್ಲ ಇರುವಾಗ ಕ್ಲೆಬ್ಸಿಯೆಲ್ಲಾದಂತಹ ಆಸ್ಪತ್ರೆಯ ಬ್ಯಾಕ್ಟೀರಿಯಾಗಳೇ ಮುಂದಾಗುತ್ತವೆ. ಬಲಿಯದ ಕರುಳಿನ ಗೋಡೆ ಅವುಗಳನ್ನು ತಡೆಯಲಾರದು. ಎನ್‌ಇಸಿ ಎಂಬ, ಕರುಳೇ ಕೊಳೆಯುವ ಭೀಕರ ಕಾಯಿಲೆ ಈ ಮಕ್ಕಳನ್ನು ಕಾಡುವುದಕ್ಕೆ ಇದೂ ಒಂದು ಕಾರಣ. ಪುಡಿ ಹಾಲು ಕುಡಿದವರಲ್ಲಿ ಅದರ ಅಪಾಯ ಹೆಚ್ಚು, ತಾಯಿಯ ಹಾಲು ಕುಡಿದವರಲ್ಲಿ ಕಡಿಮೆ. ಎದೆಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಕೆಲವು ಸಕ್ಕರೆಗಳಿವೆ. ಅವು ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಅದನ್ನುಂಡು ಬೆಳೆದ ಈ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಆಮ್ಲ ಹೆಚ್ಚಿಸಿ, ರೋಗ ತರುವವುಗಳಿಗೆ ಎಡೆ ಸಿಗದಂತೆ ಮಾಡುತ್ತವೆ.

ಹಂತ 1: ಬೇಗ ಶುರುಮಾಡಿ. ಹೆರಿಗೆಯಾದ ಒಂದೆರಡು ಗಂಟೆಯಲ್ಲೇ, ಹೆಚ್ಚೆಂದರೆ ಆರು ಗಂಟೆಯೊಳಗೆ. ಸಿಸೇರಿಯನ್ ಆಗಿದ್ದರೂ ಸರಿ, ಮಲಗಿದಲ್ಲೇ ನರ್ಸ್ ನೆರವಿನಿಂದ ಹಿಂಡಬಹುದು.

ಹಂತ 2: ಬಳೆ, ಉಂಗುರ ತೆಗೆದಿಟ್ಟು ಸೋಪಿನಿಂದ ಕೈ ತೊಳೆಯಿರಿ. ವಾರ್ಡ್‌ನವರು ಕೊಟ್ಟ ಶುದ್ಧ ಬಟ್ಟಲು ಅಥವಾ ಸಿರಿಂಜ್ ಹತ್ತಿರವಿರಲಿ.

ಹಂತ 3: ಹಿಂಡುವುದು. ಹೆಚ್ಚಿನವರು ಸೋಲುವುದು ಇಲ್ಲೇ, ನಿಧಾನವಾಗಿ ಓದಿ.

ಬೆನ್ನಿಗೆ ದಿಂಬು ಕೊಟ್ಟು ಕುಳಿತು, ತುಸು ಮುಂದಕ್ಕೆ ಬಾಗಿ. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಕೆಲವು ನಿಮಿಷ ಇಟ್ಟು, ಬೆರಳ ತುದಿಯಿಂದ ಸುತ್ತಲೂ ಮೆಲ್ಲಗೆ ನೀವಿ. ಮಗುವಿನ ಬಳಿ ಹೋಗಲು ಆಗದಿದ್ದರೆ ಮೊಬೈಲ್‌ನಲ್ಲಿ ಅದರ ಫೋಟೊ ನೋಡಿ. ಹಾಲು ಇಳಿಸುವ ಹಾರ್ಮೋನಿಗೆ ಅದು ನಿಜಕ್ಕೂ ನೆರವಾಗುತ್ತದೆ. ಗದರಿಕೆ, ಅವಸರ, ಅಳು ಅದನ್ನು ತಡೆಯುತ್ತವೆ. ಆದ್ದರಿಂದ ಆ ಹೊತ್ತಿನಲ್ಲಿ ಸುತ್ತ ನಿಂತು ‘ಬಂತಾ, ಬಂತಾ’ ಎಂದು ಕೇಳುವ ನೆಂಟರನ್ನು ಹೊರಗೆ ಕಳಿಸಿ.

ಈಗ ಹೆಬ್ಬೆರಳು ತೊಟ್ಟಿನ ಮೇಲ್ಬದಿಗೆ, ಉಳಿದ ಬೆರಳು ಕೆಳಬದಿಗೆ, ತೊಟ್ಟಿನಿಂದ ಎರಡು–ಮೂರು ಸೆಂಟಿಮೀಟರ್ ಹಿಂದೆ ಇರಲಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ. ಆ ಒತ್ತಡ ಬಿಡದೆ ಹೆಬ್ಬೆರಳನ್ನೂ ಉಳಿದ ಬೆರಳನ್ನೂ ಒಂದರತ್ತ ಒಂದು ಅದುಮಿ. ಆಮೇಲೆ ಸಡಿಲಿಸಿ. ಒತ್ತಿ, ಅದುಮಿ, ಬಿಡಿ, ಇದೇ ಲಯ. ಬೆರಳು ಚರ್ಮದ ಮೇಲೆ ಜಾರಬಾರದು, ಜಾರಿದರೆ ಚರ್ಮ ಉರಿಯುತ್ತದೆ. ತೊಟ್ಟನ್ನೇ ಹಿಡಿದು ಜಗ್ಗುವುದಂತೂ ಬೇಡವೇ ಬೇಡ. ಅದರಿಂದ ನೋವು ಬರುತ್ತದೆಯೇ ಹೊರತು ಹಾಲು ಬರುವುದಿಲ್ಲ. ಮೊದಲ ಕೆಲವು ನಿಮಿಷ ಏನೂ ಕಾಣದಿರಬಹುದು, ನಿಲ್ಲಿಸಬೇಡಿ. ಹನಿ ನಿಧಾನವಾದಾಗ ಬೆರಳುಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸಿ, ಎಲ್ಲ ಭಾಗದಿಂದಲೂ ಹಿಂಡಿ. ಒಂದು ಎದೆಯಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ, ಒಟ್ಟು 20–30 ನಿಮಿಷ.

ಮೊದಲ ದಿನ ಬರುವುದು ಕೆಲವೇ ಹನಿ, ಅಂಟಂಟಾಗಿ, ಹಳದಿಯಾಗಿ. ‘ಇದು ಕೆಟ್ಟ ಹಾಲು, ಚೆಲ್ಲು’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ದಯವಿಟ್ಟು ಒಂದು ಹನಿಯನ್ನೂ ಚೆಲ್ಲಬೇಡಿ. ಒಂದು ಕಿಲೋ ತೂಕದ ಮಗುವಿಗೆ ಆರಂಭದಲ್ಲಿ ಎರಡು ಗಂಟೆಗೊಮ್ಮೆ ಕೊಡುವುದೇ ಒಂದೆರಡು ಮಿಲಿಲೀಟರ್. ಬಾಯಿಂದ ಕುಡಿಯಲಾರದ ಮಗುವಿಗೂ ಆ ಹನಿಗಳನ್ನು ನರ್ಸ್ ಕೆನ್ನೆಯ ಒಳಬದಿಗೆ ಸವರುತ್ತಾರೆ.

ಪಂಪ್ ಬಗ್ಗೆ ಒಂದು ಮಾತು. ಮೆಡಿಕಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ರಬ್ಬರ್ ಬುಗ್ಗೆಯ ಪಂಪನ್ನು ಕೊಳ್ಳಲೇಬೇಡಿ. ಹಾಲು ಬುಗ್ಗೆಯೊಳಗೆ ಹೋಗುತ್ತದೆ, ಅದನ್ನು ತೊಳೆಯಲು ಆಗುವುದಿಲ್ಲ, ಯಾವ ಬ್ಯಾಕ್ಟೀರಿಯಾದಿಂದ ಮಗುವನ್ನು ಕಾಯಬೇಕೋ ಅದೇ ಅಲ್ಲಿ ಬೆಳೆಯುತ್ತದೆ. ಮೊದಲ ದಿನಗಳ ದಪ್ಪ ಹಾಲಿಗೆ ಕೈಯೇ ಒಳ್ಳೆಯದು. ಆಮೇಲೆ ಆಸ್ಪತ್ರೆಯಲ್ಲಿ ವಿದ್ಯುತ್ ಪಂಪ್ ಇದ್ದರೆ ಬಳಸಿ.

ಹಂತ 4: ದಿನಕ್ಕೆ ಎಂಟರಿಂದ ಹನ್ನೆರಡು ಸಲ. ರಾತ್ರಿಯ ಸರದಿಯನ್ನು ‘ಪಾಪ, ಮಲಗಲಿ’ ಎಂದು ತಪ್ಪಿಸಬೇಡಿ. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಹೆಚ್ಚು ಏರುವುದು ರಾತ್ರಿ. ಬಾಣಂತಿ ಹಗಲಲ್ಲಿ ಮಲಗುವಂತೆ ಮನೆಗೆಲಸವನ್ನು ಮನೆಮಂದಿ ನೋಡಿಕೊಳ್ಳಲಿ.

ಹಂತ 5: ಬಾಟಲಿಯ ಮೇಲೆ ಹೆಸರು, ದಿನಾಂಕ, ಹೊತ್ತು ಬರೆಯಿರಿ. ಫ್ರಿಜ್‌ನ ಒಳಭಾಗದಲ್ಲಿಡಿ, ಬಾಗಿಲಿನಲ್ಲಿ ಬೇಡ. ವಾರ್ಡ್‌ನವರು ಹೇಳಿದ ಅವಧಿಯೇ ನಿಯಮ. ನನ್ನ ಸಲಹೆ ಕೇಳಿದರೆ, 24 ಗಂಟೆಯೊಳಗೆ ಬಳಸಿಬಿಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಿಂಡಿದ ಹಾಲನ್ನು ಹೊರಗಿಡುವ ಮಾತೇ ಬೇಡ. ಬೆಚ್ಚಗಾಗಿಸಲು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಒಲೆಯ ಮೇಲಲ್ಲ.

ಎಷ್ಟು ಪ್ರಯತ್ನಿಸಿದರೂ ಸಾಲದಿದ್ದರೆ, ಬೇರೆ ತಾಯಂದಿರು ದಾನ ಮಾಡಿದ ಎದೆಹಾಲು ಕೊಡುವ ಹಾಲಿನ ಬ್ಯಾಂಕ್ ಕೇಳಿ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಇದು ಶುರುವಾಯಿತು, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದರಿಂದ ಅದರಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಸಕ್ಕರೆಗಳು ಉಳಿಯುತ್ತವೆ. ಪುಡಿ ಹಾಲಿಗಿಂತ ಮೇಲು, ತಾಯಿಯ ತಾಜಾ ಹಾಲಿಗೆ ಸಮವಲ್ಲ.

ಹಂತ 6: ಕಾಂಗರೂ ಆರೈಕೆ. ವೈದ್ಯರು ಒಪ್ಪಿದ ದಿನದಿಂದಲೇ ಡಯಾಪರ್ ಮತ್ತು ಟೋಪಿ ಮಾತ್ರ ಇರುವ ಮಗುವನ್ನು ತಾಯಿಯ ಬರಿ ಎದೆಗೆ ಅಪ್ಪಿಸಿ. ತಾಯಿಯ ಚರ್ಮದ ಬ್ಯಾಕ್ಟೀರಿಯಾಗಳೂ ಮಗುವಿಗೆ ದಾಟುತ್ತವೆ, ಹಾಲೂ ಹೆಚ್ಚುತ್ತದೆ. ತಂದೆಯೂ ಸರದಿ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಬೇಕು.

ಪ್ರೊಬಯೋಟಿಕ್ ಡ್ರಾಪ್ಸ್ (ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಹನಿಮದ್ದು) ತಂದು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಡಿಶಾದ ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ ಪಡೆದ ಶಿಶುಗಳಲ್ಲಿ ನಂಜು ಗಣನೀಯವಾಗಿ ಇಳಿಯಿತು, ನಿಜ. ಆದರೆ ಅವು 35 ವಾರ ಕಳೆದ, ಎರಡು ಕಿಲೋ ಮೇಲ್ಪಟ್ಟ ಮಕ್ಕಳು. 2023ರಲ್ಲಿ ಅಮೆರಿಕದಲ್ಲಿ ಪ್ರೊಬಯೋಟಿಕ್ ಪಡೆದ ಅವಧಿಪೂರ್ವ ಶಿಶುವೊಂದು ಆ ಪ್ರೊಬಯೋಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾದ ಸೋಂಕಿನಿಂದಲೇ ಸತ್ತಾಗ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಇದು ಎನ್‌ಐಸಿಯು ವೈದ್ಯರ ತೀರ್ಮಾನ, ನಿಮ್ಮದೂ ಅಲ್ಲ, ಅಂಗಡಿಯವರದೂ ಅಲ್ಲ.

ಹಂತ 7: ಮನೆಗೆ ಬಂದ ಮೇಲೆ. ನೇರವಾಗಿ ಎದೆ ಚೀಪಲಾರದ ಮಗುವಿಗೆ ಕುದಿಸಿ ತೆಗೆದ ಒಳಲೆಯಲ್ಲಿ ಹಿಂಡಿದ ಹಾಲು ಕುಡಿಸಿ, ಬಾಟಲಿ ಬೇಡ. ಜೇನು, ಸಕ್ಕರೆ ನೀರು, ತೇಯ್ದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.