ಬಣ್ಣ ಬಳಿಯುವವರು ಬರುವ ಮೊದಲು: ಹಳೆಯ ಯುದ್ಧವಿಮಾನದ ಫೋಟೋ ದಾಖಲೆ ಮಾಡುವ ಬಗೆ

ಬಯಲಲ್ಲಿ ನಿಂತ ಹಳೆಯ ಯುದ್ಧವಿಮಾನಕ್ಕೆ ಬಿಸಿಲೂ ಕೆಟ್ಟದ್ದು, ಮಳೆಯೂ ಕೆಟ್ಟದ್ದು. ಆದರೆ ನನಗೆ ಜಾಸ್ತಿ ಭಯ ಹೊಸ ಬಣ್ಣದ್ದು. ಆಗಸ್ಟ್ 15 ಹತ್ತಿರ ಬಂತು, ಯಾರೋ ದೊಡ್ಡವರು ಬರುತ್ತಾರೆ ಅಂದರೆ ಸಾಕು, ಎನಾಮೆಲ್ ಡಬ್ಬಿ ಹೊರಗೆ ಬರುತ್ತದೆ. ಎರಡು ದಿನದಲ್ಲಿ ವಿಮಾನ ಫಳಫಳ ಹೊಳೆಯುತ್ತದೆ. ಅದರ ಮೈಮೇಲಿದ್ದ ಸಣ್ಣ ಬರಹಗಳು, ಇಂಧನ ತುಂಬುವ ಜಾಗದ ಗುರುತು, ಇಲ್ಲಿ ಕಾಲಿಡಬೇಡಿ ಎಂಬ ಸ್ಟೆನ್ಸಿಲ್, ಎಂದೋ ರಿಪೇರಿ ಮಾಡಿ ಹಾಕಿದ ತೇಪೆಯ ಅಂಚು, ಎಲ್ಲ ಅಡಿಗೆ ಹೋಗುತ್ತವೆ. ಆಮೇಲೆ ಅದು ಹೇಗಿತ್ತು ಅಂತ ತಿಳಿಯಲು ಯಾರ ಹತ್ತಿರವೂ ಏನೂ ಇರುವುದಿಲ್ಲ.

ನನ್ನ ಅಪ್ಪ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಫಿಟ್ಟರ್ ಆಗಿದ್ದರು. "ರಿವೆಟ್ ಸಾಲು ನೋಡಮ್ಮ, ಹೊಡೆದೋನ ಕೈ ಗೊತ್ತಾಗತ್ತೆ" ಅನ್ನುತ್ತಿದ್ದರು. ರಿವೆಟ್ ಅಂದರೆ ಲೋಹದ ಹಾಳೆಗಳನ್ನು ಜೋಡಿಸುವ ಮೊಳೆ. ನಾನು ಈಗ ಆ ವಿಮಾನಗಳ ಮಾಡೆಲ್ ಕಟ್ಟುತ್ತೇನೆ, ಫೋಟೋ ತೆಗೆಯುತ್ತೇನೆ. ನಿಮ್ಮ ಊರಲ್ಲಿ ಅಂಥದ್ದೊಂದು ವಿಮಾನ ನಿಂತಿದ್ದರೆ ನನ್ನ ಕೋರಿಕೆ ಇಷ್ಟೇ: ಈ ವರ್ಷವೇ ಅದರ ಪೂರ್ತಿ ದಾಖಲೆ ಮಾಡಿ. ಚೆಂದದ ಫೋಟೋ ಆಮೇಲೆ ತೆಗೆಯೋಣ.

ಬೆಂಗಳೂರಿನವರು ಎಚ್‌ಎಎಲ್ ಕಟ್ಟಿದ ಜೆಟ್ ಯುದ್ಧವಿಮಾನ ಮರುತ್‌ನಿಂದ ಶುರು ಮಾಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ಒಂದಿದೆ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ಇನ್ನೊಂದಿದೆ. ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಫೋಕೆ-ವುಲ್ಫ್ 190 ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರ್‌ಗಳ ಜೊತೆ ಮಾಡಿದ ವಿಮಾನ ಇದು. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಮುಂದೆ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. ನಮ್ಮ ಊರಲ್ಲೇ ಹುಟ್ಟಿ ಯುದ್ಧ ಕಂಡ ವಿಮಾನ. ಅದರ ಮುಂದೆ ನಿಂತು ಒಂದು ಸೆಲ್ಫಿ ತೆಗೆದು ಹೋಗಿಬಿಡುವುದು ನನಗೆ ಸಂಕಟ ಕೊಡುತ್ತದೆ.

ಮೊದಲು ಅನುಮತಿ. ಮ್ಯೂಸಿಯಂನಲ್ಲಿ ಕ್ಯಾಮೆರಾಕ್ಕೆ ಬೇರೆ ಟಿಕೆಟ್ ಬೇಕೇ, ಟ್ರೈಪಾಡ್ ಇಡಬಹುದೇ ಎಂದು ಕೌಂಟರ್‌ನಲ್ಲಿ ಕೇಳಿ. ಕ್ಯುರೇಟರ್‌ಗೆ ಒಂದು ಪತ್ರ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಏನು ಮಾಡುತ್ತೀರಿ, ಫೋಟೋಗಳ ಒಂದು ಪ್ರತಿ ಅವರಿಗೂ ಕೊಡುತ್ತೀರಿ ಅಂತ ಬರೆಯಿರಿ. ವಾಯುನೆಲೆಯ ಗೇಟ್ ಎದುರು ನಿಲ್ಲಿಸಿರುವ ವಿಮಾನಗಳ ವಿಷಯ ಬೇರೆ. ಅದು ರಕ್ಷಣಾ ಜಾಗ. ಲಿಖಿತ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತಲೇಬೇಡಿ. ಡ್ರೋನ್ ಅಂತೂ ಮನೆಯಲ್ಲೇ ಇರಲಿ.

ಹೋಗುವಾಗ ಒಂದು ಮೀಟರ್ ಉದ್ದದ ಕೋಲು ತಗೊಂಡು ಹೋಗಿ. ಅದಕ್ಕೆ 10 ಸೆಂಟಿಮೀಟರ್‌ಗೊಂದರಂತೆ ಕಪ್ಪು, ಬಿಳಿ ಪಟ್ಟೆ ಬಳಿದಿರಲಿ. ಫೋಟೋದಲ್ಲಿ ವಿಮಾನದ ಪಕ್ಕ ಅದು ಇದ್ದರೆ ಎಷ್ಟು ವರ್ಷ ಕಳೆದರೂ ಅಳತೆ ತೆಗೆಯಬಹುದು. ಬಣ್ಣ ಸರಿಯಾಗಿ ಬರಲು ಒಂದು ಗ್ರೇ ಕಾರ್ಡ್, ಅಂದರೆ ಹೋಲಿಸಿ ನೋಡುವ ಬೂದು ಬಣ್ಣದ ಹಾಳೆ, ಬೇಕು. ಕಾರ್ಡ್ ಇಲ್ಲದೆ ತೆಗೆದ ಫೋಟೋ ನೋಡಿ 'ಇದು ಯಾವ ಹಸಿರು' ಅಂತ ಮಾಡೆಲ್ ಕಟ್ಟುವವರು ವರ್ಷಗಟ್ಟಲೆ ಜಗಳ ಆಡುತ್ತಾರೆ.

ದಾಖಲೆಗೆ ಮೋಡ ಮುಸುಕಿದ ದಿನವೇ ಚೆನ್ನ. ಬೆಂಗಳೂರಿನ ಜುಲೈ, ಆಗಸ್ಟ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳು. ನೆರಳು ಗಾಢವಾಗಿ ಬೀಳುವುದಿಲ್ಲ, ರೆಕ್ಕೆಯ ಅಡಿಯೂ ಕಾಣುತ್ತದೆ. ಅಪರ್ಚರ್ ಎಫ್/8, ಐಎಸ್ಒ 100ರಿಂದ 400ರ ಒಳಗೆ, ರಾ (RAW) ಫಾರ್ಮ್ಯಾಟ್. ಎಕ್ಸ್‌ಪೋಷರ್ ಒಮ್ಮೆ ಹೊಂದಿಸಿದ ಮೇಲೆ ಬದಲಾಯಿಸಬೇಡಿ.

ವೈಡ್ ಲೆನ್ಸ್‌ನಲ್ಲಿ ಹತ್ತಿರದಿಂದ ತೆಗೆಯಬೇಡಿ. ಮೂಗು ಊದಿಕೊಳ್ಳುತ್ತದೆ, ಬಾಲ ಕುಗ್ಗುತ್ತದೆ. ನೋಡಲು ಜೋರಾಗಿರುತ್ತದೆ, ಅಳತೆಗೆ ಮಾತ್ರ ಬರುವುದಿಲ್ಲ. ಮರುತ್ ಉದ್ದ 15.87 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ ಅದನ್ನು ಪಕ್ಕದಿಂದ ಪೂರ್ತಿ ಹಿಡಿಯಬೇಕಾದರೆ ಸುಮಾರು 22 ಮೀಟರ್ ಹಿಂದೆ ಹೋಗಬೇಕು. 85 ಎಂಎಂ ಆದರೆ 38 ಮೀಟರ್. ಮರ, ಬೇಲಿ, ಗೋಡೆಗಳ ನಡುವೆ ಅಷ್ಟು ಜಾಗ ಸಿಗುವುದು ಕಷ್ಟ. ಆಗ ವಿಮಾನಕ್ಕೆ ಸಮಾನಾಂತರವಾಗಿ ನೆಲದ ಮೇಲೆ ಒಂದು ಹಗ್ಗ ಹಾಸಿ. ಅದರ ಮೇಲೇ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾ, ಕ್ಯಾಮೆರಾ ಎಲ್ಲೂ ತಿರುಗಿಸದೆ, ಒಂದರ ಮೇಲೊಂದು ಅರ್ಧದಷ್ಟು ಕೂಡುವಂತೆ ತುಂಡು ತುಂಡಾಗಿ ತೆಗೆಯಿರಿ. ಕ್ಯಾಮೆರಾ ವಿಮಾನದ ನಡುಮೈ ಎತ್ತರದಲ್ಲಿರಲಿ. ಫೋನ್ ಆದರೆ 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬಳಸಿ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ, ಓರೆ ಬೆಳಕು. ರೆಕ್ಕೆಯ ನೆರಳಲ್ಲಿ ನಿಂತು ಒಂದು ಎಲ್‌ಇಡಿ ಟಾರ್ಚನ್ನು ಲೋಹದ ಮೈಗೆ ಹೆಚ್ಚುಕಡಿಮೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ನೇರ ಬೆಳಕಲ್ಲಿ ಕಾಣದ್ದೆಲ್ಲ ಎದ್ದು ಬರುತ್ತದೆ. ರಿವೆಟ್ ತಲೆಗಳು, ಪ್ಯಾನೆಲ್ ಗೆರೆ, ತಗ್ಗು. ಮೂರು ಪದರ ಬಣ್ಣದ ಅಡಿಯಲ್ಲಿದ್ದ ಹಳೆಯ ನಂಬರ್‌ನ ಅಂಚು ಕೂಡ ಕಾಣಬಹುದು. ಬಣ್ಣದ ಪದರಕ್ಕೆ ದಪ್ಪ ಇರುತ್ತದಲ್ವಾ, ಅದರ ಏರು ನೆರಳು ಬೀಳಿಸುತ್ತದೆ. ಅಂಥದ್ದು ಸಿಕ್ಕರೆ ಟಾರ್ಚನ್ನು ನಾಲ್ಕು ದಿಕ್ಕಿನಿಂದ ಹಿಡಿದು ನಾಲ್ಕು ಫೋಟೋ ತೆಗೆಯಿರಿ.

ಹೊರಗೆ ದೊಡ್ಡದಾಗಿ ಬರೆದ ನಂಬರನ್ನೇ ನಂಬಬೇಡಿ. ಅದನ್ನು ಬಣ್ಣದವರು ಬದಲಿಸಿರಬಹುದು. ಚಕ್ರದ ಗೂಡಿನೊಳಗೆ, ಬಾಗಿಲುಗಳ ಒಳಮೈಯಲ್ಲಿ ಸಣ್ಣ ಲೋಹದ ಪ್ಲೇಟ್‌ಗಳು ಇರುತ್ತವೆ. ಭಾಗದ ನಂಬರ್, ತಪಾಸಣೆಯ ಮುದ್ರೆ ಅದರಲ್ಲಿರುತ್ತದೆ. ಅವನ್ನು ಒಂದೊಂದಾಗಿ, ಓದುವ ಹಾಗೆ ಹತ್ತಿರದಿಂದ ತೆಗೆಯಿರಿ.

ಇಂಥ ಸಣ್ಣ ಕೆಲಸದಿಂದ ಏನು ಉಳಿಯುತ್ತದೆ ಅನ್ನುವವರಿಗೆ ನಾನು ಲಿಬರೇಟರ್ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದಾಗ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟಿಷ್ ವಾಯುಪಡೆಯವರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟು ಹೋಗಿದ್ದರು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಸರಿ ಮಾಡಿದರು. ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ವಾಯುಪಡೆ ಸೇರಿದ ಆ ವಿಮಾನಗಳು 1968ರವರೆಗೆ ದುಡಿದವು. ಅಷ್ಟು ಹೊತ್ತಿಗೆ ಬೇರೆ ದೇಶಗಳು ತಮ್ಮ ಲಿಬರೇಟರ್‌ಗಳಲ್ಲಿ ಹೆಚ್ಚಿನವನ್ನು ಗುಜರಿಗೆ ಹಾಕಿ ಮುಗಿಸಿದ್ದವು. ಹಾಗಾಗಿ ಇವತ್ತು ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಲ್ಲಿ ಇರುವ ಲಿಬರೇಟರ್‌ಗಳಲ್ಲಿ ಹಲವು ನಮ್ಮ ವಾಯುಪಡೆಯಿಂದ ಹೋದವು. ದೆಹಲಿಯ ಪಾಲಂ ಮ್ಯೂಸಿಯಂನಲ್ಲೂ ಒಂದಿದೆ. ಈ ಊರಿನ ಫಿಟ್ಟರ್‌ಗಳ ಕೈಕೆಲಸ ಅಷ್ಟು ದೂರ ಹೋಗಿ ನಿಂತಿದೆ.

ಫೋಟೋ ತೆಗೆಯುತ್ತಲೇ ವಿಮಾನದ ಆರೋಗ್ಯ ನೋಡಿ. ಅಲ್ಯುಮಿನಿಯಂ ಹಾಳೆಗೆ ಸ್ಟೀಲ್ ಬೋಲ್ಟ್ ಕೂತ ಕಡೆ ತೇವ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ಸುತ್ತ ಬಿಳಿ ಪುಡಿ ಕಂಡರೆ ಅದೇ ಗುರುತು. ಬಣ್ಣ ಗುಳ್ಳೆ ಎದ್ದಿದ್ದರೆ ಅಡಿಯಲ್ಲಿ ಸವೆತ ನಡೆದಿದೆ ಅಂತ ತಿಳಿಯಿರಿ. ಹೊಟ್ಟೆಯ ಅಡಿಯಲ್ಲಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಕಟ್ಟಿದ್ದರೆ ಒಳಗೆ ನೀರು ನಿಂತಿರುತ್ತದೆ. ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ಒಳಗೆ ಪಾರಿವಾಳ ಗೂಡು ಕಟ್ಟಿದ್ದರೆ ಅದನ್ನೂ ದಾಖಲಿಸಿ. ಹಕ್ಕಿಯ ಹಿಕ್ಕೆ ಲೋಹವನ್ನು ತಿನ್ನುತ್ತದೆ. ಗಾಳಿ ಹೋದ ಟೈರ್ ಮೇಲೆ ಪೂರ್ತಿ ಭಾರ ಬಿದ್ದಿದೆಯೇ, ಸ್ಟ್ಯಾಂಡ್ ಕೊಟ್ಟಿದ್ದಾರೆಯೇ ನೋಡಿ. ಕಾರವಾರದ ಕಡಲತೀರದಲ್ಲಿ ಇಟ್ಟಿರುವ ನೌಕಾಪಡೆಯ ಟುಪೊಲೆವ್-142ರಂಥ ವಿಮಾನಕ್ಕೆ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಉಪ್ಪು ಗಾಳಿ ಬಿಡುವು ಕೊಡುವುದಿಲ್ಲ. ಅಲ್ಲಿ ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಫೋಟೋ ತೆಗೆಯುವುದು ಒಳ್ಳೆಯದು.

ನೀವಾಗಿ ಒರೆಸಲು, ಉಜ್ಜಲು ಹೋಗಬೇಡಿ. ಮ್ಯೂಸಿಯಂನವರು ಕೇಳಿದರೆ ಮಾತ್ರ ಕೈ ಹಾಕಿ. ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿಯನ್ನು, ಕಿಟಕಿ ಗಾಜು ಒರೆಸುವ ದ್ರವದಿಂದ ಒರೆಸಲೇಬಾರದು. ಅದರಲ್ಲಿರುವ ಅಮೋನಿಯಾದಿಂದ ಪರ್ಸ್ಪೆಕ್ಸ್ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಬಿರುಕು ಬರುತ್ತದೆ. ಸೋಪು ಕಲಸಿದ ನೀರು, ಮೆತ್ತನೆ ಹತ್ತಿ ಬಟ್ಟೆ ಸಾಕು. ಕಾಕ್‌ಪಿಟ್ ಒಳಗೆ ಬಿಟ್ಟರೆ ಹಳದಿ-ಕಪ್ಪು ಪಟ್ಟೆಯ ಯಾವ ಹಿಡಿಯನ್ನೂ ಮುಟ್ಟಬೇಡಿ. ಅದು ಅಪಾಯದಲ್ಲಿ ಪೈಲಟ್‌ನನ್ನು ಹೊರಗೆಸೆಯುವ ಎಜೆಕ್ಷನ್ ಸೀಟಿನದು. ಮಹಾಯುದ್ಧ ಕಾಲದ ಮೀಟರ್‌ಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಈಗ ಹೊಳೆಯದಿದ್ದರೂ ವಿಕಿರಣ ಇರುತ್ತದೆ. ಗಾಜು ಬಿಚ್ಚಬೇಡಿ, ಕೆರೆಯಬೇಡಿ.

ಹಾರುವ ಹಳೆ ವಿಮಾನ ಸಿಕ್ಕರೆ ಲೆಕ್ಕ ಬೇರೆ. ವಾಯುಪಡೆಯ ಸಾಗಣೆ ವಿಮಾನ ಡಕೋಟಾ 'ಪರಶುರಾಮ' ಯಲಹಂಕದ ಏರೋ ಇಂಡಿಯಾಕ್ಕೆ ಬಂದದ್ದುಂಟು. ಡಕೋಟಾ ಪೈಲಟ್ ಆಗಿದ್ದ ತಂದೆಯ ನೆನಪಿಗೆ ರಾಜೀವ್ ಚಂದ್ರಶೇಖರ್ ಕೊಟ್ಟದ್ದು. ಬ್ರಿಟನ್‌ನಲ್ಲಿ ದುರಸ್ತಿಯಾಗಿ 2018ರಲ್ಲಿ ಭಾರತಕ್ಕೆ ಹಾರಿ ಬಂತು. ಅದರ ಮೇಲಿರುವ ವಿಪಿ 905 ಎಂಬ ನಂಬರ್ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ನೆನಪಿನದು. ಇಂಥ ಪ್ರೊಪೆಲರ್ ವಿಮಾನಕ್ಕೆ ಶಟರ್ 1/125 ಅಥವಾ ಅದಕ್ಕೂ ನಿಧಾನ ಇರಲಿ. 1/1000 ಇಟ್ಟರೆ ಪ್ರೊಪೆಲರ್ ನಿಂತಂತೆ ಕಂಡು, ವಿಮಾನ ಆಕಾಶದಲ್ಲಿ ಕೆಟ್ಟು ನಿಂತ ಹಾಗಿರುತ್ತದೆ. ಸೊಂಟದಿಂದ ತಿರುಗುತ್ತಾ ವಿಮಾನದ ಜೊತೆಗೇ ಕ್ಯಾಮೆರಾ ಸಾಗಿಸಿ. ರಸ್ತೆಯಲ್ಲಿ ಹೋಗುವ ಬಸ್ಸುಗಳ ಮೇಲೆ ಮೊದಲು ಅಭ್ಯಾಸ ಮಾಡಿ. ಬಿಸಿಲೇರಿದ ಮೇಲೆ ರನ್‌ವೇ ಮೇಲಿನ ಬಿಸಿ ಗಾಳಿ ಚಿತ್ರವನ್ನು ನಡುಗಿಸುತ್ತದೆ, ಬೆಳಗಿನ ಹಾರಾಟವೇ ಮೇಲು.

ದಾಖಲೆ ಕೈಯಲ್ಲಿದ್ದರೆ ಮಾಡೆಲ್ ಕಟ್ಟುವುದು ಸಲೀಸು. 1/48 ಅಳತೆಗೆ ಮರುತ್ 33 ಸೆಂಟಿಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 18.75 ಸೆಂಟಿಮೀಟರ್. ಮೊದಲ ಮಾಡೆಲ್ ಬಾಲ್ಸಾ ಮರದಲ್ಲಿ ಮಾಡಿ, ಕೆತ್ತಲು ಸುಲಭ. ಹಿಂದೆ ಎಚ್‌ಎಎಲ್‌ನವರೂ ಹಾಗೇ ಮಾಡಿದ್ದರು. ಲೋಹದ ವಿಮಾನಕ್ಕೆ ಮೊದಲು ಮರದಲ್ಲಿ ಪೂರ್ಣ ಅಳತೆಯ ಗ್ಲೈಡರ್ ಕಟ್ಟಿ, 1959ರಲ್ಲಿ ಡಕೋಟಾದಿಂದ ಎಳೆಸಿ ಹಾರಿಸಿ ನೋಡಿದ್ದರು. ಕೆತ್ತುವಾಗ ಎರಡು ಕಡೆ ಜಾಸ್ತಿ ಸಮಯ ಕೊಡಿ. ಒಂದು, ರೆಕ್ಕೆ ಸೇರುವಲ್ಲಿ ಸಣ್ಣಗಾಗುವ ಸೊಂಟ. ಇನ್ನೊಂದು, ಇನ್‌ಟೇಕ್ ಬಾಯಲ್ಲಿರುವ ಅರ್ಧ ಶಂಕು. ಇವೆರಡು ತಪ್ಪಿದರೆ ಅದು ಮರುತ್ ಆಗುವುದಿಲ್ಲ. ರಿವೆಟ್ ಒತ್ತುವಾಗ ಫೋಟೋದಲ್ಲಿನ ಕೋಲಿನಿಂದ ಅಂತರ ಅಳೆದು 48ರಿಂದ ಭಾಗಿಸಿ. 24 ಮಿಲಿಮೀಟರ್ ಇದ್ದದ್ದು ಅರ್ಧ ಮಿಲಿಮೀಟರ್ ಆಗುತ್ತದೆ.

ಗುರುತುಗಳಲ್ಲಿ ಕಾಲ ನೋಡಿ. ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬರ್ಮಾ ಕಡೆ ಹಾರಿದ ನಮ್ಮ ವಿಮಾನಗಳ ಮೈಮೇಲಿನ ವಾಯುಪಡೆಯ ಗುರುತಿನ ವೃತ್ತದಲ್ಲಿ ಕೆಂಪು ಇರಲಿಲ್ಲ, ಜಪಾನಿನ ಕೆಂಪು ಸೂರ್ಯ ಅಂದುಕೊಂಡು ನಮ್ಮವರೇ ಗುಂಡು ಹಾರಿಸಬಾರದು ಅಂತ. ಸ್ವಾತಂತ್ರ್ಯ ಬಂದ ಮೇಲೆ ಸ್ವಲ್ಪ ಕಾಲ ಅಶೋಕ ಚಕ್ರ ಇತ್ತು. ಕೇಸರಿ, ಬಿಳಿ, ಹಸಿರಿನ ವೃತ್ತ ಅದರ ನಂತರದ್ದು. 1948ರ ವಿಮಾನಕ್ಕೆ ಈಗಿನ ವೃತ್ತ ಅಂಟಿಸಿದರೆ ಎಷ್ಟು ಚೆನ್ನಾಗಿ ಕಟ್ಟಿದರೂ ತಪ್ಪೇ.

ಮನೆಗೆ ಬಂದ ದಿನವೇ ಫೈಲ್‌ಗಳಿಗೆ ಹೆಸರು ಹಾಕಿ: ವಿಮಾನ, ಜಾಗ, ತಾರೀಕು, ಎಡ ಅಥವಾ ಬಲ, ಭಾಗ. ಎಡ-ಬಲ ಅಂದರೆ ಪೈಲಟ್ ಕೂತಾಗ ಅವರ ಎಡ-ಬಲ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಮನೆಯಲ್ಲಿ, ಒಂದು ಕ್ಯುರೇಟರ್ ಕೈಯಲ್ಲಿ ಇರಲಿ. ಕೊಡುವಾಗ ಸವೆತ ಕಂಡ ಜಾಗಗಳ ಫೋಟೋಗಳನ್ನು ಬೇರೆ ಫೋಲ್ಡರ್ ಮಾಡಿ, ಒಂದು ಪುಟದ ಪತ್ರದಲ್ಲಿ ಎಲ್ಲೆಲ್ಲಿ ಏನು ಕಂಡಿತು ಅಂತ ಬರೆಯಿರಿ. ನಿಂತ ಜಾಗ, ಲೆನ್ಸ್ ಎರಡನ್ನೂ ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಿಂದ, ಅದೇ ಲೆನ್ಸ್‌ನಲ್ಲಿ ತೆಗೆದರೆ ಸವೆತ ಎಷ್ಟು ಮುಂದೆ ಹೋಗಿದೆ ಅಂತ ಎರಡು ಫೋಟೋ ಪಕ್ಕಪಕ್ಕ ಇಟ್ಟು ಕ್ಯುರೇಟರ್‌ಗೆ ತೋರಿಸಬಹುದು. ಬಣ್ಣ ಬಳಿಸುವ ಯೋಚನೆ ಅವರಿಗಿದ್ದರೆ ಮೊದಲು ತಿಳಿಸಿ ಎಂದು ಆ ಪತ್ರದಲ್ಲೇ ಕೇಳಿಕೊಂಡು, ನಿಮ್ಮ ಫೋನ್ ನಂಬರ್ ಬರೆದು ಕೊಡಿ.